ಹಳೆ ಮನೆಯ ಕಲ್ನಾರು: ಬಚ್ಚಲ ಹೊಗೆ ಕೊಳವೆಯಿಂದ ಕೊಟ್ಟಿಗೆ ಮಾಡಿನವರೆಗೆ

ಏಪ್ರಿಲ್ ಮುಗಿಯುತ್ತ ಬಂದಂತೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ ಮಾಡು ರಿಪೇರಿಯ ಕೆಲಸ ಶುರುವಾಗುತ್ತದೆ. ಒಡೆದ ಸಿಮೆಂಟ್ ಶೀಟು ಇಳಿಸುವುದು, ಬಚ್ಚಲ ಒಲೆಯ ಹೊಗೆ ಕೊಳವೆ ಬದಲಿಸುವುದು, ಪಾಚಿ ಕೆರೆಯುವುದು, ಎಲ್ಲವೂ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಉತ್ತರ ಕನ್ನಡ ಜಿಲ್ಲೆಯ ಹಳೆ ಮನೆಗಳಲ್ಲಿರುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ವರ್ಷದ ಬಹುಪಾಲು ಸುಮ್ಮನೆ ಇದ್ದಲ್ಲಿಯೇ ಇದ್ದು, ಗಾಳಿಗೆ ಸೇರುವುದು ಹೆಚ್ಚಾಗಿ ಇದೇ ವಾರಗಳಲ್ಲಿ. ಶೀಟು ಒಣಗಿರುತ್ತದೆ, ಹೊತ್ತೇರಿದ ಮೇಲೆ ಕಡಲ ಗಾಳಿ ಬೀಸುತ್ತದೆ, ಕೆಲಸಕ್ಕೆ ಅವಸರವಿರುತ್ತದೆ. ಆದ್ದರಿಂದ ಯಾವುದನ್ನು ಮುಟ್ಟಬಾರದು, ಮುಟ್ಟಲೇಬೇಕಾದರೆ ಹೇಗೆ, ಇಳಿಸಿದ್ದನ್ನು ಎಲ್ಲಿಡಬೇಕು ಎಂಬುದನ್ನು ಕೆಲಸಗಾರರನ್ನು ಕರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಎಲ್ಲೆಲ್ಲಿ ಇರುತ್ತದೆ

ಚಳಿ ದೇಶಗಳ ಹಳೆ ಮನೆಗಳಲ್ಲಿ ಕಲ್ನಾರಿನ ತಕರಾರು ಎಂದರೆ ಮುಖ್ಯವಾಗಿ ಬಿಸಿನೀರು, ಹಬೆಯ ಕೊಳವೆಗಳಿಗೆ ಸುತ್ತಿದ ಹೊದಿಕೆ. ನಮ್ಮಲ್ಲಿ ಮನೆಯನ್ನೇ ಬಿಸಿಮಾಡುವ ಕೊಳವೆಗಳಿಲ್ಲ, ಆದರೆ ಬಚ್ಚಲು ಮನೆಯಿದೆ. ಹಂಡೆ ಒಲೆಯ ಅಥವಾ ತಾಮ್ರದ ಬಾಯ್ಲರಿನ ಹೊಗೆ ಕೊಳವೆ ಮಾಡು ಹೊರುವ ಮರದ ಪಕಾಸಿಯ ಪಕ್ಕದಲ್ಲಿ ಹಾದುಹೋಗುವ ಕಡೆ, ಮರಕ್ಕೆ ಬಿಸಿ ತಾಗದಿರಲೆಂದು ಕಲ್ನಾರಿನ ಹಗ್ಗ ಅಥವಾ ಬಟ್ಟೆ ಸುತ್ತಿರುವುದುಂಟು. ಬಾಯ್ಲರ್ ಬಾಗಿಲಿನ ಅಂಚಿನಲ್ಲಿ, ಕೊಳವೆಗಳು ಕೂಡುವ ಕಾಲರಿನೊಳಗೆ ಇದೇ ಹಗ್ಗವನ್ನು ತುರುಕಿರುತ್ತಾರೆ. ಏಲಕ್ಕಿ ಒಣಗಿಸುವ ಗೂಡಿನ ಬಿಸಿಗಾಳಿ ಕೊಳವೆ, ತೋಟದ ಹಳೆ ಡೀಸೆಲ್ ಪಂಪಿನ ಸೈಲೆನ್ಸರ್, ಬೋಟಿನ ಎಂಜಿನ್ನಿಗೆಂದು ತಂದು ಉಳಿದ ಹಗ್ಗದ ಸುರುಳಿ, ಇವನ್ನೂ ನೋಡಬೇಕು. ಹಳೆಯ ಕಾರ್ಖಾನೆಯ ಗುಜರಿಯಿಂದ ಕೊಂಡ ಕೊಳವೆಯ ಮೇಲೆ ಬಿಳಿ ಗಾರೆಯಂಥ ದಪ್ಪ ಲೇಪವಿದ್ದರೆ ಅದು ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕಾದ ವಸ್ತು.

ಎರಡನೆಯದು ಕಲ್ನಾರು ಸಿಮೆಂಟು: ಕೊಟ್ಟಿಗೆ, ಬಚ್ಚಲು, ಸೌದೆಮನೆಗಳ ಮೇಲಿನ ಆರು ಮಿ.ಮೀ. ದಪ್ಪದ ಅಲೆಯಲೆಯ ಶೀಟು, ಮಳೆನೀರಿನ ಕೊಳವೆ, ಶೌಚಾಲಯದ ಗಾಳಿ ಕೊಳವೆ, ಮತ್ತು ಬಹಳಷ್ಟು ಬಚ್ಚಲುಗಳಲ್ಲಿ ಹೊಗೆ ಕೊಳವೆಯೂ ಅದೇ ಬೂದು ಬಣ್ಣದ ಪೈಪು.

ಇವೆರಡರ ಅಪಾಯ ಒಂದೇ ಮಟ್ಟದ್ದಲ್ಲ. ಶೀಟಿನಲ್ಲಿ ಕಲ್ನಾರು ಸುಮಾರು ನೂರಕ್ಕೆ 8ರಿಂದ 12 ಪಾಲು. ಉಳಿದದ್ದು ಸಿಮೆಂಟು, ಹಾರುಬೂದಿ ಇತ್ಯಾದಿ. ನಾರುಗಳು ಸಿಮೆಂಟಿನೊಳಗೆ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತವೆ. ಹಗ್ಗ, ಬಟ್ಟೆಗಳು ಮಾತ್ರ ಬಹುಪಾಲು ಬರೀ ಕಲ್ನಾರು, ಹಿಡಿದಿಡುವ ಅಂಟು ಅವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಒಂದು ಮಾರು ಹಗ್ಗ, ಬಿರುಕಿಲ್ಲದ ಇಡೀ ಕೊಟ್ಟಿಗೆ ಮಾಡಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ. ಆದರೂ ಜನ ಶೀಟಿಗೆ ಹೆದರಿ, ಹಗ್ಗವನ್ನು ಬರಿಗೈಯಲ್ಲಿ ಬಿಚ್ಚುತ್ತಾರೆ.

ಕಣ್ಣಳತೆಯಲ್ಲಿ ಖಚಿತವಾಗಿ ಗುರುತಿಸಲು ಆಗುವುದಿಲ್ಲ. ಗಾಜಿನ ಉಣ್ಣೆ ಸಾಮಾನ್ಯವಾಗಿ ಹಳದಿ, ಹೊಳೆಯುತ್ತದೆ, ಚರ್ಮ ತುರಿಸುತ್ತದೆ. ಸೆರಾಮಿಕ್ ಉಣ್ಣೆ ಅಚ್ಚ ಬಿಳಿ. ಕಲ್ನಾರಿನ ಹಗ್ಗ ಮಾಸಲು ಬಿಳಿ ಅಥವಾ ಬೂದು, ಮುಟ್ಟಿದರೆ ಮೆತ್ತಗೆ, ತುರಿಕೆಯಿಲ್ಲ. ಬೆಂಕಿ ಹಿಡಿದು ಪರೀಕ್ಷಿಸುವ ರೂಢಿಯಿಂದ ಏನೂ ತಿಳಿಯದು, ಏಕೆಂದರೆ ಈ ಮೂರೂ ಉರಿಯುವುದಿಲ್ಲ. ಎಳೆ ಕೀಳುವಾಗ ನಾರು ಹಾರುವುದಷ್ಟೇ ಅದರ ಫಲ. ಖಚಿತ ಉತ್ತರ ಸಿಗುವುದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವಿರುವ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ. ಒಂದೆರಡು ಮಾರು ಹಗ್ಗವಿದ್ದರೆ ಕಲ್ನಾರೆಂದೇ ತಿಳಿದು ಮುಂದುವರಿಯುವುದು ಸುಲಭ. ಸೋಲಾರ್ ವಾಟರ್ ಹೀಟರಿನ ಕೊಳವೆಗೆ ತೊಡಿಸುವ ಕಪ್ಪು ರಬ್ಬರ್ ನೊರೆಯಲ್ಲಿ ಕಲ್ನಾರು ಇಲ್ಲ, ಅದಕ್ಕೆ ಹೆದರಬೇಕಿಲ್ಲ.

ಯಾವ ಕೆಲಸಕ್ಕೆ ಎಷ್ಟು ನಾರು

ಅಪಾಯಕಾರಿ ನಾರುಗಳ ಉದ್ದ 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮೀರಿ, ದಪ್ಪ 3 ಮೈಕ್ರಾನಿಗಿಂತ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ಗಾಳಿಯಿಲ್ಲದ ಕೋಣೆಯಲ್ಲೂ ಗಂಟೆಗಟ್ಟಲೆ ತೇಲುತ್ತವೆ. ಶ್ವಾಸಕೋಶಕ್ಕೆ ಹೋದವು ಕರಗುವುದು ಬಹಳ ಕಷ್ಟ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಪೊರೆಗೆ ಬರುವ ಮೀಸೋಥೀಲಿಯೋಮ, ಇವು ತಲೆದೋರಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುತ್ತವೆ. ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್ ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಮೊದಲನೇ ಗುಂಪಿಗೆ ಸೇರಿಸಿದೆ. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಕಲ್ನಾರು ಸಿಮೆಂಟಿನ ಕೆಲಸಗಳಿಗೆ ಕೊಟ್ಟಿರುವ ಅಂದಾಜುಗಳು ಕಣ್ತೆರೆಸುವಂತಿವೆ. ಗ್ರೈಂಡರ್ ಚಕ್ರದಿಂದ ಶೀಟು ಕತ್ತರಿಸಿದರೆ ಪ್ರತಿ ಮಿಲಿಲೀಟರ್ ಗಾಳಿಯಲ್ಲಿ 15ರಿಂದ 25 ನಾರು. ಕೈಗರಗಸದಿಂದಾದರೆ 1ರವರೆಗೆ. ತಂತಿ ಬ್ರಷ್ಷಿನಿಂದ ಮಾಡು ತಿಕ್ಕಿದರೆ, ಅದೂ ಒದ್ದೆ ಮಾಡಿಕೊಂಡು, 1ರಿಂದ 3. ಶೀಟುಗಳನ್ನು ಇಡಿಯಾಗಿ ಬಿಚ್ಚಿ ಇಳಿಸಿದರೆ 0.5ರವರೆಗೆ. ಅಲ್ಲಿ ಕೆಲಸಗಾರರು ಉಸಿರಾಡುವ ಗಾಳಿಗೆ ಇರುವ ಮಿತಿ 0.1. ಅಂದರೆ ಜಾಗ್ರತೆಯಿಂದ ಇಳಿಸಿದರೂ ಮಾಸ್ಕ್ ಬೇಕು, ಗ್ರೈಂಡರ್ ಹಿಡಿದರೆ ಸಾಮಾನ್ಯ ಮಾಸ್ಕ್ ಏನೇನೂ ಸಾಲದು. ಪಾಚಿ ಕೆರೆಯುವ ನಮ್ಮ ವಾರ್ಷಿಕ ಕೆಲಸ ಈ ಪಟ್ಟಿಯಲ್ಲಿ ಇಳಿಸುವ ಕೆಲಸಕ್ಕಿಂತಲೂ ಮೇಲಿದೆ ಎಂಬುದನ್ನು ಗಮನಿಸಬೇಕು.

ಪಾಚಿ ಕೆರೆಯದಿರಲು ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ ಶೀಟಿನ ಮೇಲ್ಮೈಯ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ. ಹಾವಸೆ, ಪಾಚಿಗಳು ತೇವ ಹಿಡಿದಿಟ್ಟು, ಆಮ್ಲ ಬಿಟ್ಟು ಆ ಸವೆತವನ್ನು ಹೆಚ್ಚಿಸುತ್ತವೆ. ಸಿಮೆಂಟು ಹೋಗಿ ನಾರುಗಳು ಮೇಲೆದ್ದು ನಿಂತ ಪದರದ ಮೇಲೆಯೇ ನಾವು ಪ್ರತಿವರ್ಷ ಪೊರಕೆ, ಬ್ರಷ್ಷು, ಈಚೆಗೆ ಪ್ರೆಶರ್ ವಾಷರ್ ಆಡಿಸುತ್ತಿದ್ದೇವೆ. ಪ್ರೆಶರ್ ವಾಷರ್ ನಾರನ್ನು ನೀರಿನ ಜೊತೆ ಗೋಡೆ, ಅಂಗಳ, ಬಾವಿಕಟ್ಟೆಗೆಲ್ಲ ಎರಚುತ್ತದೆ, ಒಣಗಿದ ಮೇಲೆ ಅದು ಮತ್ತೆ ಗಾಳಿಗೆ ಏಳುತ್ತದೆ. ಶೀಟಿನ ಮಾಡಿನ ಮೇಲೆ ಅದನ್ನು ಬಳಸಲೇಬಾರದು.

ಬಿರುಕಿಲ್ಲದ, ಗಟ್ಟಿ ಶೀಟಿನ ಕೆಳಗೆ ವಾಸಿಸುವುದರಿಂದ ಆಗುವ ಅಪಾಯ ತೀರ ಕಡಿಮೆ. ಅಂಥ ಮಾಡನ್ನು ಬಿಟ್ಟುಬಿಡುವುದೇ ಒಳ್ಳೆಯದು. ಒಳಬದಿಗೆ ಬ್ರಷ್ಷಿನಿಂದಲ್ಲದೆ ರೋಲರಿನಿಂದ ಎರಡು ಕೋಟ್ ಅಕ್ರಿಲಿಕ್ ಎಮಲ್ಷನ್ ಬಳಿದರೆ ಸಡಿಲ ನಾರು ಅಲ್ಲೇ ಕೂರುತ್ತದೆ. ಬಳಿಯುವ ಮೊದಲು ಗುಡಿಸಬೇಡಿ, ಉಪ್ಪುಕಾಗದ ಉಜ್ಜಬೇಡಿ, ಸೋಪುನೀರು ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಜೇಡರಬಲೆ ತೆಗೆದರೆ ಸಾಕು.

ಕೊಳವೆಗೆ ಸುತ್ತಿದ ಹೊದಿಕೆ

ಹೊದಿಕೆ ಬಿಗಿಯಾಗಿದ್ದು, ಎಳೆ ಬಿಡದೆ, ಕೈಗೆ ತಾಗದ ಎತ್ತರದಲ್ಲಿದ್ದರೆ ಅದರ ಮೇಲೆಯೇ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ತೋಳು ತೊಡಿಸಿ ಲೋಹದ ಪಟ್ಟಿಯಿಂದ ಕಟ್ಟಬಹುದು. ತಿರುಪು ಹೊಡೆಯಬಾರದು, ಅದರ ಮೊನೆ ಹೊದಿಕೆಯನ್ನು ಚುಚ್ಚುತ್ತದೆ. ಬಿಸಿನೀರಿನ ಕೊಳವೆಗೆ ಬಿಳಿ ಅಂಟಿನಲ್ಲಿ ಅದ್ದಿದ ಹತ್ತಿ ಬಟ್ಟೆ ಸುತ್ತುವ ಕ್ರಮವಿದೆ, ಒಲೆಯ ಹೊಗೆ ಕೊಳವೆಗೆ ಅದು ನಡೆಯದು. ಬಿಸಿಗೆ ಅಂಟು ಸುಟ್ಟು ಉದುರುತ್ತದೆ.

ಎಳೆ ಬಿಟ್ಟಿದ್ದರೆ, ತೇವಕ್ಕೆ ಜೋತುಬಿದ್ದಿದ್ದರೆ ತೆಗೆಯಲೇಬೇಕು. ಇಲ್ಲಿ ಒಂದೇ ಸೂತ್ರ: ಹೊದಿಕೆಯನ್ನು ಕೊಳವೆಯಿಂದ ಬಿಡಿಸಬೇಡಿ, ಕೊಳವೆಯ ಸಮೇತ ತೆಗೆಯಿರಿ. ಬಚ್ಚಲಿನ ಕೊಳವೆ ಹೇಗೂ ತುಕ್ಕು ಹಿಡಿದಿರುತ್ತದೆ, ಅದನ್ನು ಉಳಿಸಿಕೊಳ್ಳುವ ಆಸೆಯೇ ಹೊದಿಕೆ ಬಿಚ್ಚುವ ತಪ್ಪಿಗೆ ದಾರಿ.

ಹಿಂದಿನ ದಿನವೇ ಒಲೆ ಆರಿಸಿ. ಸೋಪು, ಬಟ್ಟೆ, ಸೌದೆ ಹೊರಗೆ ಹಾಕಿ, ಮನೆಯೊಳಗೆ ತೆರೆಯುವ ಬಾಗಿಲಿಗೆ ಪಾಲಿಥೀನ್ ಅಂಟಿಸಿ. ನೆಲಕ್ಕೆ 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಸಿ. ಹತ್ತು ಲೀಟರ್ ನೀರಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಅಡಿಕೆಗೆ ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು ಅದರಲ್ಲಿ ತುಂಬಿಕೊಳ್ಳಿ. ಸೋಪು ಬೇಕಾಗುವುದು ಬರಿ ನೀರು ಹಗ್ಗದೊಳಗೆ ಇಳಿಯದೆ ಜಾರುವುದರಿಂದ. ಇಬ್ಬನಿಯಂತೆ ಸಿಂಪಡಿಸಿ ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ, ಮಸಿ ಕೂತ ಹಗ್ಗಕ್ಕೆ ಮೂರನೇ ಸಲವೂ ಬೇಕಾದೀತು. ನೀರು ತೊಟ್ಟಿಕ್ಕುವಷ್ಟು ಬೇಡ.

ಆಮೇಲೆ ಹೊದಿಕೆಯ ಮೇಲೆ ಪಾಲಿಥೀನ್ ಎರಡು ಸುತ್ತು ಸುತ್ತಿ, ಎರಡೂ ತುದಿಗಳನ್ನು ಬರಿಯ ಲೋಹಕ್ಕೆ ಟೇಪಿನಿಂದ ಬಿಗಿಯಿರಿ. ಬರಿಯ ಲೋಹವಿರುವ ಕಡೆಯಲ್ಲೇ ಬೋಲ್ಟ್ ಬಿಚ್ಚಿ. ಬೆಸುಗೆಯಾಗಿದ್ದರೆ ಟೇಪಿನಿಂದ ಒಂದು ಗೇಣಷ್ಟು ದೂರದಲ್ಲಿ ಹ್ಯಾಕ್ಸಾದಿಂದ ಕೊಯ್ಯಿರಿ. ಗ್ಯಾಸ್ ಕಟಿಂಗ್, ಗ್ರೈಂಡರ್ ಎರಡೂ ಬೇಡ, ಬಿಸಿಗೆ ಪಾಲಿಥೀನ್ ಕರಗಿ ಹೊದಿಕೆ ತೆರೆದುಕೊಳ್ಳುತ್ತದೆ. ಕಾಲರಿನೊಳಗೆ ತುರುಕಿದ ಹಗ್ಗವನ್ನು ಕೊಕ್ಕೆ ಹಾಕಿ ಎಳೆಯಬೇಡಿ, ಆ ಕೂಡುಭಾಗವನ್ನೂ ಸುತ್ತಿ ಹಾಗೆಯೇ ತೆಗೆಯಿರಿ. ಇಳಿಸಿದ ತುಂಡಿಗೆ ಇನ್ನೊಂದು ಪದರ ಸುತ್ತಿ, ಮೇಲೆ ‘ಕಲ್ನಾರು, ಬಿಚ್ಚಬೇಡಿ’ ಎಂದು ಬರೆಯಿರಿ. ನೆಲ, ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಸಿದ ಪಾಲಿಥೀನನ್ನು ಒಳಮುಖವಾಗಿ ಮಡಚಿ, ಒರೆಸಿದ ಬಟ್ಟೆಯನ್ನೂ ಅದರಲ್ಲೇ ಕಟ್ಟಿ. ಪೊರಕೆ, ಬ್ಲೋವರ್, ಮನೆಯ ವ್ಯಾಕ್ಯೂಮ್ ಕ್ಲೀನರ್ ಯಾವುದೂ ಬಾರದು. ಸಾಧಾರಣ ವ್ಯಾಕ್ಯೂಮಿನ ಚೀಲದ ಮೂಲಕ ಈ ನಾರು ಹಾದು ಮತ್ತೆ ಕೋಣೆಗೇ ಬರುತ್ತದೆ.

ಇದು ಒಬ್ಬಿಬ್ಬರು ಹಿಡಿಯಬಹುದಾದ, ಎರಡು ಮೀಟರಿನೊಳಗಿನ ತುಂಡಿಗೆ ಹೇಳಿದ್ದು. ಗಾರೆಯಂಥ ಲೇಪವಿರುವ ಉದ್ದ ಕೊಳವೆಯಿದ್ದರೆ ಮನೆಯವರು ಕೈಹಾಕದೆ, ಆ ಜಾಗಕ್ಕೆ ಬೀಗ ಹಾಕಿ, ಕಾರ್ಖಾನೆಗಳಲ್ಲಿ ಕಲ್ನಾರು ತೆಗೆದು ಅನುಭವವಿರುವ ಗುತ್ತಿಗೆದಾರರನ್ನು ಹುಡುಕಬೇಕು. ತಾಮ್ರದ ಬಾಯ್ಲರನ್ನು ಗುಜರಿಗೆ ಕೊಡುವಾಗಲೂ ಅದರ ಬಾಗಿಲಿನ ಹಗ್ಗದ ವಿಷಯ ತಿಳಿಸಲೇಬೇಕು. ತಿಳಿಸದಿದ್ದರೆ ಅಲ್ಲಿ ಕೆಲಸ ಮಾಡುವ ಹುಡುಗ ಅದನ್ನು ಬರಿಗೈಯಲ್ಲಿ ಕಿತ್ತು ಹಾಕುತ್ತಾನೆ.

ಹೊಸ ಹೊಗೆ ಕೊಳವೆಗೆ ಜಿಐ ಪೈಪು ಅಗ್ಗವಾದರೂ ಸೌದೆ ಹೊಗೆಯ ಆಮ್ಲ ಒಳಗಿಂದ, ಉಪ್ಪುಗಾಳಿ ಹೊರಗಿಂದ ತಿನ್ನುತ್ತವೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಾಳುತ್ತದೆ, ಸಮುದ್ರಕ್ಕೆ ತೀರ ಹತ್ತಿರವಿದ್ದರೆ 316. ಮರದ ಪಕ್ಕದಲ್ಲಿ 50 ಮಿ.ಮೀ. ರಾಕ್‌ವೂಲ್ (ಕಲ್ನಾರಿಲ್ಲದ ಕಲ್ಲುಣ್ಣೆ) ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ. ತಗಡಿನ ಜೋಡಣೆ ಕೆಳಮುಖವಾಗಿರಲಿ, ಇಲ್ಲವಾದರೆ ಮಳೆನೀರು ರಾಕ್‌ವೂಲಿಗೆ ಇಳಿದು ಒಳಗಿನ ಕೊಳವೆಯನ್ನು ಕೊಳೆಸುತ್ತದೆ. ಹೊಸ ಪೈಪಿಗಾಗಿ ಹಳೆ ಶೀಟಿನಲ್ಲಿ ತೂತು ದೊಡ್ಡದು ಮಾಡುವುದು ಬೇಡ. ಆ ಒಂದು ಶೀಟನ್ನು ಇಡಿಯಾಗಿ ತೆಗೆದು ಅಲ್ಲಿ ಲೋಹದ ಶೀಟು ಹಾಕಿದರೆ ಕೊರೆಯುವ ಕೆಲಸವೇ ಇರುವುದಿಲ್ಲ.

ಶೀಟು ಇಳಿಸುವಾಗ

ಕಲ್ನಾರಿನ ಕಾಯಿಲೆ ದಶಕಗಳ ಮೇಲೆ ಬಂದೀತು, ಶೀಟು ಮುರಿದು ಕೆಳಗೆ ಬಿದ್ದವರಿಗೆ ಅಪಾಯ ಆ ಕ್ಷಣದ್ದೇ. ಹಳೆ ಶೀಟಿನ ಮೇಲೆ, ಬೋಲ್ಟ್ ಸಾಲಿನ ಮೇಲೂ, ಯಾರೂ ಕಾಲಿಡಬಾರದು. ಕೆಳಗಿನಿಂದ ಅಟ್ಟಣಿಗೆ ಕಟ್ಟಿಕೊಂಡೇ ಬಿಚ್ಚಬೇಕು.

ಮೂರು ಮೀಟರ್ ಉದ್ದ, 1.05 ಮೀಟರ್ ಅಗಲದ ಶೀಟು ಒಣಗಿದ್ದಾಗಲೇ ಸುಮಾರು 40 ಕೆ.ಜಿ. ತೂಗುತ್ತದೆ. ಹನ್ನೆರಡು ಶೀಟಿನ ಕೊಟ್ಟಿಗೆ ಮಾಡೆಂದರೆ ಅರ್ಧ ಟನ್. ಮೇಲೆ ಇಬ್ಬರು, ಕೆಳಗೆ ಇಬ್ಬರು ಬೇಕು. ಪಾಲಿಥೀನ್ ಲೆಕ್ಕ ಹೀಗೆ: ಆರಾರು ಶೀಟಿನ ಎರಡು ಕಟ್ಟಿಗೆ ಎರಡು ಪದರದಂತೆ ಸುಮಾರು 40 ಚದರ ಮೀಟರ್, ನೆಲಕ್ಕೆ ಹಾಸಲು 20, ಒಟ್ಟು 60.

ಜೆ ಕೊಕ್ಕೆಯ ಬೋಲ್ಟುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ನಟ್ಟಿಗೆ ಕಚ್ಚಿಕೊಂಡಿರುತ್ತವೆ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಬೋಲ್ಟಿನ ಸುತ್ತಲೇ ಶೀಟು ಬಿರಿಯುತ್ತದೆ. ಕೊಕ್ಕೆ ಅಡ್ಡಮರವನ್ನೋ ಆಂಗಲನ್ನೋ ಹಿಡಿದಿರುವ ಕಡೆ, ಕೆಳಗಿನಿಂದ, ಬೋಲ್ಟ್ ಕಟ್ಟರಿನಿಂದ ಕತ್ತರಿಸಿಬಿಡುವುದು ಲೇಸು. ಮೊದಲು ಮಾಡಿನ ನೆತ್ತಿಯ ತುಂಡುಗಳು, ಆಮೇಲೆ ಹೊದಿಸಿದ ಕ್ರಮಕ್ಕೆ ತಿರುವುಮುರುವಾಗಿ, ಕೊನೆಗೆ ಹಾಕಿದ ಶೀಟು ಮೊದಲು. ಒಂದರ ಮೇಲೊಂದು ಉಜ್ಜಿ ಜಾರಿಸದೆ ಎತ್ತಿ ತೆಗೆಯಬೇಕು, ಕೆಳಗೆ ಎಸೆಯುವುದಂತೂ ಕೂಡದು. ಎರಡೂ ಬದಿ ಸೋಪುನೀರು ಸಿಂಪಡಿಸುತ್ತಿರಬೇಕು.

ಹೊತ್ತೂ ಮುಖ್ಯ. ಬೆಳಗಿನ ಇಬ್ಬನಿಯಿರುವಾಗ ಶುರುಮಾಡಿ ಹತ್ತು ಹತ್ತೂವರೆಗೆ ಕಡಲ ಗಾಳಿ ಏಳುವ ಮೊದಲು ನಿಲ್ಲಿಸಬಹುದು. ತಿಂಗಳನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ ಮಳೆ ಹಿಂದೆ ಸರಿದ ಅಕ್ಟೋಬರ್ ಮೇ ತಿಂಗಳಿಗಿಂತ ಒಳ್ಳೆಯದು, ಶೀಟಿನಲ್ಲಿ ತೇವ ಉಳಿದಿರುತ್ತದೆ.

ಮಾಸ್ಕ್ ವಿಷಯದಲ್ಲಿ ರಾಜಿ ಬೇಡ. ಟವೆಲ್, ಸರ್ಜಿಕಲ್ ಮಾಸ್ಕ್ ಉಪಯೋಗವಿಲ್ಲ. ಭಾರತೀಯ ಮಾನಕ ಐಎಸ್ 9473ರ ಎಫ್‌ಎಫ್‌ಪಿ3 ದರ್ಜೆಯದ್ದು ಅಥವಾ ಪಿ100 ಫಿಲ್ಟರಿನ ಅರ್ಧಮುಖದ ಮಾಸ್ಕ್ ಬೇಕು. ಗಡ್ಡವಿದ್ದರೆ ಅಂಚು ಕೂರದೆ ಅದೂ ವ್ಯರ್ಥ. ಮೈಮುಚ್ಚುವ ಬಿಸಾಡುವ ಅಂಗಿ, ಲೇಸಿಲ್ಲದ ಗಮ್‌ಬೂಟು, ಕೈಗವಸು. ಕೆಲಸ ಮುಗಿದ ಮೇಲೆ ಅಂಗಿಯನ್ನು ಒದ್ದೆ ಮಾಡಿ ಕಳಚಿ, ಮಾಸ್ಕನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು, ಅಲ್ಲಿಯೇ ಸ್ನಾನ. ಆ ಬಟ್ಟೆಯಲ್ಲಿ ಮನೆಗೆ ಹೋದ ಕೆಲಸಗಾರನ ಮಕ್ಕಳೂ ನಾರು ಉಸಿರಾಡುತ್ತಾರೆ.

ಇದನ್ನೆಲ್ಲ ಕೊಡಿಸುವುದು ಮನೆಯ ಯಜಮಾನರ ಹೊಣೆ. ಕೆಲಸವನ್ನು ಗುತ್ತಿಗೆಗೆ ಕೊಡದೆ ದಿನಗೂಲಿಗೆ ಕೊಡಿ. ಇಡೀ ಮಾಡಿಗೆ ಇಷ್ಟು ಎಂದು ಮಾತಾಡಿದಲ್ಲಿ ಸುತ್ತಿಗೆಯಿಂದ ಒಡೆದು ಬುಟ್ಟಿಯಲ್ಲಿ ಹೊರುವುದೇ ಬೇಗ ಮುಗಿಯುವ ದಾರಿಯಾಗುತ್ತದೆ. ಮನೆಯವರಿಗೆ ಇದು ಜೀವಮಾನದಲ್ಲಿ ಒಂದೆರಡು ಸಲದ ಕೆಲಸ, ಕೆಲಸಗಾರರಿಗೆ ಪ್ರತಿ ಬೇಸಿಗೆಯ ಕೆಲಸ. ರೋಗ ಬರುವುದು ಹೀಗೆ ಮತ್ತೆ ಮತ್ತೆ ಉಸಿರಾಡಿದವರಿಗೇ ಹೆಚ್ಚು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಉದ್ದಿಮೆಯ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ಊರೂರಲ್ಲಿ ಮಾಡು ಬಿಚ್ಚುವವರಿಗೆ ಅಂಥ ಯಾವ ದಾಖಲೆಯೂ ಇರುವುದಿಲ್ಲ.

ಇಳಿಸಿದ ಮೇಲೆ

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಂಥ ಗಾಳಿಗೆ ಒಡೆದುಬಿದ್ದ ಶೀಟಿರಲಿ, ನಾವೇ ಇಳಿಸಿದ್ದಿರಲಿ, ಆಮೇಲಿನ ದಾರಿ ಇನ್ನೂ ತೆರೆದಿಲ್ಲ. ಚೂರುಗಳು ಹಳ್ಳದ ದಂಡೆಗೆ, ರಸ್ತೆಯ ಹೊಂಡಕ್ಕೆ, ಗೊಬ್ಬರ ಗುಂಡಿಯ ಮುಚ್ಚಳಕ್ಕೆ ಹೋಗುತ್ತವೆ. ಹೊಂಡಕ್ಕೆ ತುಂಬುವುದು ಇವುಗಳಲ್ಲಿ ಅತಿ ಕೆಟ್ಟದ್ದು, ಏಕೆಂದರೆ ಗಾಡಿಗಳ ಚಕ್ರ ಅದನ್ನು ದಿನವೂ ಅರೆಯುತ್ತದೆ.

ಕಾನೂನಿನಲ್ಲೂ ಇಲ್ಲಿ ಬಿರುಕಿತ್ತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ‘ಎಸೆದ ಕಲ್ನಾರು’ ಇದೆ, ಆದರೆ ಅದು ಇರುವುದು ಕಲ್ನಾರಿನ ವಸ್ತುಗಳ ಉತ್ಪಾದನೆ ಎಂಬ 15ನೇ ಬಾಬಿನಡಿ. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವೆಂದು ಹೇಳಿದ್ದ ಪಟ್ಟಿಯಲ್ಲಿ ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟು, ಬ್ಯಾಟರಿಗಳಿದ್ದವು, ಕಲ್ನಾರಿನ ಹೆಸರಿರಲಿಲ್ಲ. ಕೊಟ್ಟಿಗೆಯಿಂದ ಇಳಿದ ಶೀಟು ಈ ಎರಡರ ನಡುವೆ ಬೀಳುತ್ತಿತ್ತು, ಪಂಚಾಯಿತಿಯ ಕಸದ ಗಾಡಿ ಅದನ್ನು ಒಯ್ಯುವುದಿಲ್ಲ. ಅಪಾಯಕಾರಿ ತ್ಯಾಜ್ಯ ಹೂಳುವ ಸುರಕ್ಷಿತ ಘಟಕವಿರುವುದು ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ, ಕಾರವಾರದಿಂದ ನಾನೂರು ಕಿ.ಮೀ. ಮೀರಿದ ದೂರ. ಹನ್ನೆರಡು ಶೀಟಿಗೆ ಒಂದು ಲಾರಿ ಮಾಡಲು ಯಾರಿಂದಲೂ ಆಗದು.

ಇದರ ನಡುವೆ ಹೊಸ ಕಲ್ನಾರು ಶೀಟು ಪೇಟೆಗೆ ಬರುತ್ತಲೇ ಇದೆ. ಅಮೆರಿಕ 2024ರ ಮಾರ್ಚಿನಲ್ಲಿ ಕ್ರೈಸೊಟೈಲ್ ನಿಷೇಧಿಸಿತು, ಐರೋಪ್ಯ ಒಕ್ಕೂಟದಲ್ಲಿ 2005ರಿಂದಲೇ ನಿಷೇಧವಿದೆ. ಭಾರತ ಆಮದು ಮಾಡಿಕೊಂಡು ಶೀಟು ತಯಾರಿಸುತ್ತಿದೆ. ಹಳೆಯದನ್ನು ಕಷ್ಟಪಟ್ಟು ಇಳಿಸಿ ಮತ್ತೆ ಅದನ್ನೇ ಹೊದಿಸಬಾರದೆಂದರೆ ಅಂಗಡಿಯಲ್ಲಿ ಬರೀ ‘ಸಿಮೆಂಟ್ ಶೀಟು’ ಎಂದು ಕೇಳಬೇಡಿ. ಐಎಸ್ 459 ಎಂಬ ಗುರುತಿದ್ದರೆ ಅದು ಕಲ್ನಾರಿನದು, ಕಲ್ನಾರಿಲ್ಲದ ನಾರು ಸಿಮೆಂಟಿಗೆ ಐಎಸ್ 14871. ಹಂಚು ಹೊರುವಷ್ಟು ಗಟ್ಟಿ ಪಕಾಸಿ ಇದ್ದರೆ ಮಂಗಳೂರು ಹಂಚಿಗೆ ಮಿಗಿಲಾದದ್ದು ಈ ಹವೆಗೆ ಇಲ್ಲ.

ಸದ್ಯಕ್ಕೆ ಮಾಡಬಹುದಾದದ್ದು: ಸುತ್ತಿದ ಕಟ್ಟುಗಳನ್ನು ಬಾವಿ, ಹಳ್ಳದಿಂದ ದೂರ, ನೆಲದಿಂದ ಎತ್ತರಿಸಿ, ನೆರಳಿನಲ್ಲಿ ಇಡಿ. ಬಿಸಿಲಿಗೆ ಪಾಲಿಥೀನ್ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ, ಮೇಲೊಂದು ಟಾರ್ಪಾಲು ಬೇಕು. ತೋಟದಲ್ಲಿ ಹೂಳಬೇಡಿ, ಕಲ್ನಾರು ಮಣ್ಣಾಗುವುದಿಲ್ಲ, ಮುಂದೆ ಅಲ್ಲಿ ಗುದ್ದಲಿ ಹಾಕುವವರಿಗೆ ಅದು ಸಿಗುತ್ತದೆ. ಅನಂತರ ಕಾರವಾರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಗ್ರಾಮ ಪಂಚಾಯಿತಿಗೂ ಬರಹದಲ್ಲಿ ತಿಳಿಸಿ. ಶೀಟು ಎಷ್ಟು, ಕೊಳವೆ ಎಷ್ಟು, ಹಗ್ಗದಂಥ ಸಡಿಲ ಕಲ್ನಾರು ಇದೆಯೇ, ಹೇಗೆ ಸುತ್ತಿಟ್ಟಿದೆ, ಎಲ್ಲಿದೆ ಎಂದು ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಊರಿನ ಸುಮಾರು ಇಪ್ಪತ್ತು ಮನೆಗಳ ಪಟ್ಟಿ ಒಟ್ಟಾದರೆ ಹತ್ತು ಟನ್ನಿನ ಒಂದು ಲಾರಿ ತುಂಬುತ್ತದೆ, ಆಗ ದಾಬಸ್‌ಪೇಟೆಯ ಸಾಗಣೆ ವೆಚ್ಚ ಮನೆಗಳ ನಡುವೆ ಹಂಚಿಹೋಗುತ್ತದೆ. ಆ ಪಟ್ಟಿ ತಯಾರಿಸಿ ಲಾರಿ ಗೊತ್ತುಮಾಡುವ ಕೆಲಸವನ್ನು ಪಂಚಾಯಿತಿಯೇ ವಹಿಸಿಕೊಳ್ಳಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಬಹುದು. ಮಳೆಗಾಲ ಮುಗಿದು ಮುಂದಿನ ಸಲದ ಇಳಿಸುವ ಕೆಲಸ ಶುರುವಾಗುವ ಮೊದಲಿನ ಸಭೆ ಅದಕ್ಕೆ ತಕ್ಕ ಸಮಯ.